ಹದಿನೈದರ ವಿಮಾನಕ್ಕೆ ಹದಿನಾಲ್ಕರ ಸಂಜೆ

ತಮ್ಮನ ದುಬೈ ಟಿಕೆಟ್ ಬಂದ ದಿನ ಶಹಾಪುರದ ನಮ್ಮ ಮನೆಯಲ್ಲಿ ಎಲ್ಲರೂ ಮೊದಲು ನೋಡಿದ್ದು ಗಂಟೆಗಳನ್ನು. ಹೈದರಾಬಾದ್ ಬಿಡುವುದು 3.50ಕ್ಕೆ, ದುಬೈ ಮುಟ್ಟುವುದು 6.20ಕ್ಕೆ. 'ಎರಡೂವರೆ ತಾಸಂದ್ರ ಕಲಬುರಗಿಗೆ ಹೋದಂಗೇ ಆತಲ್ಲ' ಎಂದು ಅವ್ವ ನಿರಾಳವಾದಳು.

ಆ ಲೆಕ್ಕ ತಪ್ಪಿತ್ತು. ಟಿಕೆಟ್ಟಿನಲ್ಲಿ ಹೊರಡುವ ಹೊತ್ತು ಹೊರಡುವ ಊರಿನ ಗಡಿಯಾರದ್ದು, ಇಳಿಯುವ ಹೊತ್ತು ಇಳಿಯುವ ಊರಿನದು. ದುಬೈ ನಮಗಿಂತ ಒಂದೂವರೆ ತಾಸು ಹಿಂದಿದೆ. ಎರಡೂವರೆ ಸಾವಿರ ಕಿ.ಮೀ.ಗೂ ತುಸು ಹೆಚ್ಚಿರುವ ಆ ದಾರಿಗೆ ವಿಮಾನ ತೆಗೆದುಕೊಳ್ಳುವುದು ಸುಮಾರು ನಾಲ್ಕು ತಾಸು. ಬರುವಾಗ ಮೇಲಿನ ಪಡುವಣ ಗಾಳಿ ಬೆನ್ನಿಗಿರುವುದರಿಂದ ಅರ್ಧ ತಾಸು ಉಳಿಯುತ್ತದೆ.

ಇನ್ನೊಂದು ತಪ್ಪು ನಮ್ಮನ್ನು ಮುಳುಗಿಸುವುದರಲ್ಲಿತ್ತು. ತಾರೀಖು ಹದಿನೈದು ಎಂದಿತ್ತು. ಹದಿನೈದರ ಸಂಜೆ ಜೀಪು ಹೇಳಿದ್ದೆವು. ಹದಿನಾಲ್ಕರಂದು ಚಹಾದ ಹೊತ್ತಿಗೆ ಅಕ್ಕನ ಮಗಳು ಕೇಳಿದಳು: 'ಮಾಮಾ, ನಸುಕಿನ್ಯಾಗ ನಾಕಕ್ಕಂದ್ರ ಇವತ್ತ್ ರಾತ್ರೀನೇ ಅಲ್ಲೇನು?'

ಮನೆ ತುಂಬ ಗದ್ದಲವೆದ್ದಿತು. ತಮ್ಮ ಒಣಗದ ಅಂಗಿಯನ್ನೇ ಚೀಲಕ್ಕೆ ತುರುಕಿದ. ಅವ್ವ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿದಳು. ಭೀಮೆಯ ಸೇತುವೆ ದಾಟಿ, ಯಾದಗಿರಿ, ಗುರುಮಠಕಲ್ ಹಾದು, ತೆಲಂಗಾಣದ ಕೊಡಂಗಲ್, ಪರಗಿ ಹಿಡಿದು ಶಂಷಾಬಾದ್ ಮುಟ್ಟಬೇಕು. ಇನ್ನೂರು ಕಿ.ಮೀ.ಗೂ ಮೇಲಿನ ಆ ರಸ್ತೆಗೆ ಹಿಡಿದದ್ದು ಐದೂವರೆ ತಾಸು, ಸಮುದ್ರ ದಾಟುವ ಹಾರಾಟಕ್ಕಿಂತ ಹೆಚ್ಚು. ವಿದೇಶ ಪ್ರಯಾಣಕ್ಕೆ ಮೂರು ತಾಸು ಮೊದಲೇ ಅಲ್ಲಿರಬೇಕು ಎನ್ನುವುದು ಬೇರೆ. ಕೌಂಟರ್ ಮುಚ್ಚುವ ಮೊದಲು ತಮ್ಮ ಒಳಗೆ ಹೋದ, ಅಷ್ಟೇ.

ಕಲಬುರಗಿಯಲ್ಲೂ 2019ರ ನವೆಂಬರ್ 22ರಂದು ವಿಮಾನ ನಿಲ್ದಾಣ ತೆರೆಯಿತು. ಅಲ್ಲಿಂದ ಬೆಂಗಳೂರಿಗೆ ವಿಮಾನವಿದ್ದಾಗಲೂ ನೆರೆಯ ಸುರಪುರದವರು ದಕ್ಷಿಣದ ಊರಿಗಾಗಿ ಮೊದಲು ನೂರು ಕಿ.ಮೀ. ಉತ್ತರಕ್ಕೆ ಹೋಗಬೇಕಿತ್ತು. ಸುರಪುರ, ಶಹಾಪುರ ಎರಡೂ ಪಟ್ಟಣಗಳಿಗೆ ರೈಲಿಲ್ಲ, ಯಾದಗಿರಿಯೇ ಗತಿ. ನಮ್ಮ ಕಡೆಯವರ ದೂರದ ಪ್ರಯಾಣದಲ್ಲಿ ಹೈರಾಣ ಮಾಡುವುದು ಮನೆಯಿಂದ ನಿಲ್ದಾಣದವರೆಗಿನ ಭಾಗವೇ. ಟಿಕೆಟ್ಟಿನಲ್ಲಿ ಅದು ಕಾಣುವುದಿಲ್ಲ.

ದೂರದ ಪ್ರಯಾಣದ ಹಳೆಯ ಗುರುತೊಂದು ಸುರಪುರದಲ್ಲೇ ಇದೆ: ಗುಡ್ಡದ ಮೇಲಿನ ಬಂಗಲೆ, ಟೇಲರ್ ಮಂಜಿಲ್. 1840ರ ದಶಕದಲ್ಲಿ ಅಲ್ಲಿದ್ದ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ 1824ರಲ್ಲಿ ಹದಿನೈದರ ಹುಡುಗನಾಗಿ ಹಾಯಿ ಹಡಗಿನಲ್ಲಿ ಮುಂಬೈಗೆ ಬಂದವರು. ಸೂಯೆಜ್ ಕಾಲುವೆ ಇಲ್ಲದ ಕಾಲ ಅದು. ಆಫ್ರಿಕಾ ಸುತ್ತಿ ಬರಲು ತಿಂಗಳುಗಳೇ ಬೇಕು. ಅವರ ಮನೆಯವರಿಗೆ ಮಗ ಮುಟ್ಟಿದ ಸುದ್ದಿ ತಿಳಿಯಲು ಮತ್ತಷ್ಟು ತಿಂಗಳು.

ನಮಗೆ ಬೆಳಿಗ್ಗೆ ಎಂಟೂವರೆಗೇ ಫೋನ್ ಬಂತು. 'ಊಟ ಆತೇನಪ್ಪಾ?' ಎಂದಳು ಅವ್ವ. 'ಇಲ್ಲಿನ್ನ ಏಳು ಗಂಟೀನವ್ವಾ' ಎಂದ ತಮ್ಮ.

ಎರಡು ವರ್ಷದ ಮೇಲೆ ಅವನು ರಜೆಗೆ ಬರುವಾಗ ಟಿಕೆಟ್ಟಿನಲ್ಲಿ ಇಳಿಯುವ ಹೊತ್ತು ಮೂರನೇ ತಾರೀಖಿನ ನಸುಕು ಮೂರು. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಅವ್ವ ಎರಡನೇ ತಾರೀಖಿಗೆ ಅರಿಶಿನ ಹಚ್ಚಿ, ಪಕ್ಕದಲ್ಲಿ ನನ್ನ ಕೈಯಿಂದ ಬರೆಸಿದಳು: 'ರಾತ್ರಿ 9ಕ್ಕೆ ಜೀಪು'.