ಬಾಣಂತಿಯ ಮನಸ್ಸಿಗೂ ಆರೈಕೆ ಬೇಕು ಕಣವ್ವ

ಮಗಳೇ, ಚೊಚ್ಚಲ ಹೆರಿಗೆಗೆ ಗುಂಡ್ಲುಪೇಟೆಯ ತವರಿಗೆ ಬರುತ್ತಿದ್ದೀಯ. ಹರಳೆಣ್ಣೆ, ಸೀಗೆಪುಡಿ, ಸಾಮ್ರಾಣಿ, ಒಣಕೊಬ್ಬರಿ ಎಲ್ಲವನ್ನೂ ನಿಮ್ಮವ್ವ ಹೊಂದಿಸಿಟ್ಟಿದ್ದಾಳೆ. ನಮ್ಮ ಬಾಣಂತನದಲ್ಲಿ ಮೈಗೆ ಬೇಕಾದ್ದು ಎಲ್ಲವೂ ಉಂಟು, ಮನಸ್ಸಿನ ವಿಚಾರ ಮಾತ್ರ ಯಾರೂ ಎತ್ತುವುದಿಲ್ಲ. ದೊಡ್ಡವ್ವ ಅನ್ನಿಸಿಕೊಂಡವಳು ನಾನಾದರೂ ಹೇಳಬೇಕಲ್ಲ.

• ತಾಯಿ ಕಾರ್ಡಿನಲ್ಲಿ ಬಿಪಿ, ತೂಕ, ರಕ್ತದ ಪ್ರಮಾಣ ಬರೆಯುತ್ತಾರೆ. ನಿದ್ದೆ ಬರುತ್ತಿಲ್ಲ, ಹೆರಿಗೆ ನೆನೆದರೆ ಎದೆ ಹೊಡೆದುಕೊಳ್ಳುತ್ತದೆ ಅನ್ನುವುದನ್ನು ನೀನೇ ಬಾಯಿಬಿಟ್ಟು ಹೇಳಬೇಕು. ಖಿನ್ನತೆ ಬಸಿರಲ್ಲೇ ಶುರುವಾಗುವುದೂ ಉಂಟು.

• ಹೆತ್ತ ಮೂರ್ನಾಲ್ಕು ದಿನಕ್ಕೆ ಕಾರಣವಿಲ್ಲದೆ ಅಳು ಬಂದರೆ ಗಾಬರಿಯಾಗಬೇಡ. ಎಷ್ಟೋ ತಾಯಂದಿರಿಗೆ ಹಾಗಾಗುತ್ತದೆ, ಎರಡು ವಾರದೊಳಗೆ ತಾನಾಗಿ ತಿಳಿಯಾಗುತ್ತದೆ. ಆಮೇಲೂ ನಿಲ್ಲದಿದ್ದರೆ, ಮಗು ಮಲಗಿದಾಗಲೂ ನಿನಗೆ ನಿದ್ದೆ ಹತ್ತದಿದ್ದರೆ, ಕೂಸನ್ನು ಕಂಡರೂ ಏನೂ ಅನ್ನಿಸದಿದ್ದರೆ ಡಾಕ್ಟರಿಗೆ ತೋರಿಸು. ‘ನಾನಿಲ್ಲದಿದ್ದರೇ ಚೆನ್ನ’ ಎಂಬ ಯೋಚನೆ ಒಮ್ಮೆ ಬಂದರೂ ಎರಡು ವಾರ ಕಾಯಬೇಡ, ಅವತ್ತೇ ಹೇಳು. ರಕ್ತಹೀನತೆ, ಥೈರಾಯ್ಡ್‌ನಿಂದಲೂ ಹೀಗಾಗಬಹುದು, ಪರೀಕ್ಷೆ ಮಾಡಿಸು.

• ಆಶಾ ಕಾರ್ಯಕರ್ತೆ ಹೆರಿಗೆಯಾದ 3, 7, 14, 21, 28, 42ನೇ ದಿನ ಮನೆಗೆ ಬರಬೇಕು. ಮಗುವಿನ ತೂಕ ನೋಡಿದ ಮೇಲೆ ಅವಳ ಜೊತೆ ಹತ್ತು ನಿಮಿಷ ಒಬ್ಬಳೇ ಕೂತು ಮಾತಾಡು. ಅತ್ತೆ, ನಾದಿನಿ ಎದುರಿಗಿದ್ದರೆ ಯಾವ ಬಾಣಂತಿಯೂ ನಿಜ ಹೇಳುವುದಿಲ್ಲ!

• ತಂಗಿ, ಇದು ನಿನಗೆ. ಬಾಣಂತಿಗೆ ನೀರು ಬಿಗಿಹಿಡಿಯಬೇಡ, ಕೇಳಿದಷ್ಟು ಕೊಡು. ರಾತ್ರಿ ಹಾಲುಣಿಸಿದ ಮೇಲೆ ಕೂಸನ್ನು ನೀನು ಎತ್ತಿಕೋ, ಅವಳು ಒಂದೇ ಸಮನೆ ನಾಲ್ಕು ಗಂಟೆಯಾದರೂ ಮಲಗಲಿ. ನೋಡಲು ಬಂದವರು ‘ಹೆಣ್ಣಾ?’ ಅಂತ ರಾಗ ಎಳೆದರೆ ಬಾಗಿಲಲ್ಲೇ ಬಾಯಿ ಮುಚ್ಚಿಸು. ಹೆಣ್ಣು ಹೆತ್ತವರಲ್ಲಿ ಖಿನ್ನತೆ ಹೆಚ್ಚೆಂದು ಗೋವಾದ ತಾಯಂದಿರ ಬಗ್ಗೆ 2002ರಲ್ಲಿ ಪ್ರಕಟವಾದ ಅಧ್ಯಯನವೇ ಹೇಳಿದೆ. ಅದು ಮಗುವಿನ ತಪ್ಪಲ್ಲ, ನಮ್ಮ ನಾಲಿಗೆಯದು.

• ಅಳಿಯಂದಿರೇ, ಶುಂಠಿ ಕೆಲಸಕ್ಕೆಂದು ವಯನಾಡಿನಲ್ಲಿರುತ್ತೀರಿ. ಬಂಡೀಪುರದ ಕಾಡುದಾರಿ ರಾತ್ರಿ ಒಂಬತ್ತಕ್ಕೆ ಮುಚ್ಚಿದರೆ ಬೆಳಗ್ಗೆ ಆರಕ್ಕೇ ತೆರೆಯುವುದು. ಬರುವುದಿದ್ದರೆ ಹೊತ್ತಿರುವಾಗಲೇ ಹೊರಡಿ. ಬರಲಾಗದ ದಿನ ಫೋನಿನಲ್ಲಿ ಮಗುವನ್ನಷ್ಟೇ ಕೇಳದೆ ಅವಳನ್ನೂ ಕೇಳಿ.

• ಬಾಣಂತಿ ಸನ್ನಿ ಅನ್ನುತ್ತಾರಲ್ಲ, ಅದು ಬೇರೆಯೇ. ಸಾವಿರಕ್ಕೆ ಒಬ್ಬಿಬ್ಬರಿಗೆ, ಹೆಚ್ಚಾಗಿ ಮೊದಲೆರಡು ವಾರದಲ್ಲಿ ಬರುತ್ತದೆ. ನಿದ್ದೆಯೇ ಇಲ್ಲ, ಸಂಬಂಧವಿಲ್ಲದ ಮಾತು, ಯಾರೋ ಕರೆದಂತೆ ಕೇಳಿಸುವುದು, ಮನೆಯವರ ಮೇಲೇ ಅನುಮಾನ. ಗಾಳಿ ಸೋಕಿತೆಂದು ಮಂತ್ರ ಹಾಕಿಸುತ್ತ ಕೂತರೆ ತಾಯಿ, ಮಗು ಇಬ್ಬರಿಗೂ ಅಪಾಯ. ಮಾದಪ್ಪನಿಗೆ ಹರಕೆ ಕಟ್ಟಿಕೊಳ್ಳಿ, ಬೇಡ ಅನ್ನುವುದಿಲ್ಲ. ಆದರೆ ಅವತ್ತೇ 108ಕ್ಕೆ ಫೋನ್ ಮಾಡಿ ಆಸ್ಪತ್ರೆಗೆ ಕರೆದೊಯ್ಯಿರಿ, ಅಲ್ಲಿಯವರೆಗೆ ಅವಳನ್ನು ಒಬ್ಬಳನ್ನೇ ಬಿಡಬೇಡಿ. ಇದು ಚಿಕಿತ್ಸೆಗೆ ಬಗ್ಗುವ ಕಾಯಿಲೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ, ಮಗು ಇಬ್ಬರನ್ನೂ ಜೊತೆಯಲ್ಲೇ ಇರಿಸಿಕೊಂಡು ನೋಡುವ ವಿಭಾಗ 2009ರಿಂದ ಇದೆ. ಮೂರು ವರ್ಷದೊಳಗಿನ ಕೂಸನ್ನು ಚಿಕಿತ್ಸೆಯಲ್ಲಿರುವ ತಾಯಿಯಿಂದ ಸಾಮಾನ್ಯವಾಗಿ ಬೇರೆ ಮಾಡಬಾರದೆಂದು 2017ರ ಮಾನಸಿಕ ಆರೋಗ್ಯ ಕಾಯ್ದೆಯೂ ಹೇಳುತ್ತದೆ.

• ಮಾತ್ರೆ ತಗೊಂಡರೆ ಹಾಲು ಕೊಡುವಂತಿಲ್ಲ ಎಂದು ಯಾರೋ ಹೇಳಿದ್ದನ್ನು ನಂಬಿ ನಿಲ್ಲಿಸಬೇಡ. ಹಾಲುಣಿಸುತ್ತಲೇ ತಗೊಳ್ಳಬಹುದಾದ ಮಾತ್ರೆಗಳಿವೆ, ಡಾಕ್ಟರನ್ನೇ ಕೇಳು.

• ಗುಂಡ್ಲುಪೇಟೆ ತಾಲ್ಲೂಕು ಆಸ್ಪತ್ರೆಯಲ್ಲಿ ಮನೋವೈದ್ಯರು ಯಾವ ದಿನ ಬರುತ್ತಾರೆ ಎಂದು ಮೊದಲೇ ವಿಚಾರಿಸಿಡು. ಆಗದಿದ್ದರೆ ಚಾಮರಾಜನಗರದ ಸಿಮ್ಸ್ ಆಸ್ಪತ್ರೆಯಿದೆ. ಹೋಗಲೂ ಆಗದ ಹೊತ್ತಿಗೆ ಟೆಲಿ ಮಾನಸ್‌ ಸಹಾಯವಾಣಿಯ 14416ಕ್ಕೆ ಫೋನ್ ಮಾಡು. ದುಡ್ಡಿಲ್ಲ, ಹಗಲು ರಾತ್ರಿ ಇರುತ್ತಾರೆ, ಕನ್ನಡದಲ್ಲೇ ಮಾತಾಡುತ್ತಾರೆ. ಆ ನಂಬರನ್ನು ಈಗಲೇ ಮನೆಯವರೆಲ್ಲರ ಫೋನಿಗೂ ಹಾಕಿಸು, ನಿನ್ನ ಗಂಡನ ಫೋನಿಗೆ ಮೊದಲು.