ಒಂದೇ ಗಣಕಯಂತ್ರದಲ್ಲಿ ವಿಂಡೋಸ್ ಮತ್ತು ಉಬುಂಟು: ಒಂದು ಅಭ್ಯಾಸ ಪಾಠ

ಮಧುಗಿರಿ ಶೈಕ್ಷಣಿಕ ಜಿಲ್ಲೆಯ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳ ಶಾಲೆಗಳಿಗೆ ಅಭ್ಯಾಸ ಬೋಧನೆಗೆ ಹೊರಡುವ ಪ್ರಶಿಕ್ಷಣಾರ್ಥಿಗಳಿಗೆ ನಾನು ಈ ಪಾಠ ಮಾಡುತ್ತೇನೆ. ವಿಷಯ ಶಿಕ್ಷಕರ ವೇದಿಕೆಯ ತರಬೇತಿಗಳ ಮೂಲಕ ಉಬುಂಟು, ಜಿಯೋಜೀಬ್ರಾ ನಮ್ಮ ಪ್ರೌಢಶಾಲಾ ಶಿಕ್ಷಕರಿಗೆ ಪರಿಚಯವಾದವು. ಆದರೆ ನುಡಿಯಲ್ಲಿ ಬೆರಳಚ್ಚು ಮಾಡಿದ ಕಚೇರಿ ಕಡತಗಳಿಗೆ ವಿಂಡೋಸ್ ಬೇಕು. ಯಂತ್ರ ಒಂದೇ ಇರುವ ಶಾಲೆಯಲ್ಲಿ ಎರಡೂ ಇರಬೇಕಾಗುತ್ತದೆ.

ಉದ್ದೇಶ: ಒಂದೂ ಅಂಕಪಟ್ಟಿ ಕಳೆಯದಂತೆ ಉಬುಂಟು ಅಳವಡಿಸುವುದು.

ಪೀಠಿಕೆ: "ಒಂದೇ ಹೊಲದಲ್ಲಿ ಒಂದು ಕಡೆ ರಾಗಿ, ಇನ್ನೊಂದು ಕಡೆ ಕಡಲೆಕಾಯಿ ಬೆಳೆಯಲು ಮೊದಲು ಏನು ಮಾಡುತ್ತೀರಿ?" ಎಂದು ಕೇಳುತ್ತೇನೆ. "ಬದು ಹಾಕುತ್ತೇವೆ" ಎಂಬ ಉತ್ತರ ಬರುತ್ತದೆ. ಹಾರ್ಡ್ ಡಿಸ್ಕಿನ ಪಾರ್ಟಿಷನ್ ಆ ಬದುವೇ.

ಹಂತಗಳು:
1. ಎಲ್ಲ ಕಡತಗಳನ್ನು ಹೊರಗಿನ ಡಿಸ್ಕಿಗೆ ನಕಲು ಮಾಡಿ, ಕೆಲವನ್ನು ಬೇರೆ ಯಂತ್ರದಲ್ಲಿ ತೆರೆದು ನೋಡುವುದು.
2. ಬಿಟ್‌ಲಾಕರ್ ಇದ್ದರೆ ರಿಕವರಿ ಕೀ ಬರೆದಿಟ್ಟುಕೊಳ್ಳುವುದು. ಫಾಸ್ಟ್ ಸ್ಟಾರ್ಟಪ್ ನಿಲ್ಲಿಸುವುದು. ಅದಿದ್ದರೆ ವಿಂಡೋಸ್ ಪೂರ್ತಿ ಮುಚ್ಚುವುದಿಲ್ಲ.
3. ಯುಪಿಎಸ್ ಚಾರ್ಜ್ ನೋಡಿಕೊಂಡು, ವಿಂಡೋಸ್‌ನ ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಸಿ ಡ್ರೈವ್ ಕುಗ್ಗಿಸಿ ಸುಮಾರು 50 ಜಿಬಿ ಖಾಲಿ ಜಾಗ ಮಾಡುವುದು. ವಿದ್ಯುತ್ ನಡುವೆ ಹೋದರೆ ಡಿಸ್ಕಿಗೆ ಅಪಾಯ.
4. ಪೆನ್‌ಡ್ರೈವ್‌ನಿಂದ ಉಬುಂಟು ತೆರೆದು, ಅಳವಡಿಸುವ ಮೊದಲೇ ಕೀಲಿಮಣೆ, ಧ್ವನಿ, ಅಂತರ್ಜಾಲ ಪರೀಕ್ಷಿಸುವುದು.
5. ಅಳವಡಿಸುವಾಗ 'ವಿಂಡೋಸ್ ಜೊತೆಯಲ್ಲಿ' ಎಂಬ ಆಯ್ಕೆ ಒತ್ತುವುದು. 'ಡಿಸ್ಕ್ ಅಳಿಸಿ' ಎಂಬುದು ಬದುವನ್ನೂ ಬೆಳೆಯನ್ನೂ ಒಟ್ಟಿಗೆ ಅಳಿಸುತ್ತದೆ.

ಐದನೆಯ ಹಂತವೇ ಪಾಠದ ತಿರುಳು. ಆ ಪರದೆ ಬಂದಾಗ ಮೌಸ್ ಮುಟ್ಟಲು ಬಿಡುವುದಿಲ್ಲ. ಪ್ರತಿಯೊಂದು ಆಯ್ಕೆಯನ್ನು ಒತ್ತಿದರೆ ಡಿಸ್ಕಿನಲ್ಲಿ ಏನಾಗುತ್ತದೆಂದು ಚಿತ್ರ ಬರೆದು ತೋರಿಸಿದವರಿಗೆ ಮಾತ್ರ ಮುಂದಿನ ಅವಕಾಶ. ಹಂತಗಳನ್ನು ಬಾಯಿಪಾಠ ಮಾಡಿದವರು ಪರದೆ ಸ್ವಲ್ಪ ಬದಲಾದರೂ ತಡವರಿಸುತ್ತಾರೆ. ಚಿತ್ರ ಬರೆದವರು ನಿಂತು ಓದುತ್ತಾರೆ. ಅಳವಡಿಕೆ ಮುಗಿದ ಮೇಲೆ ಯಂತ್ರ ಚಾಲೂ ಆದಾಗ ಗ್ರಬ್ ಎಂಬ ಪಟ್ಟಿ ಬಂದು, ಯಾವುದು ಬೇಕೆಂದು ಕೇಳುತ್ತದೆ.

ಮೌಲ್ಯಮಾಪನ: ಉಬುಂಟು ಬಳಸಿ ಬೆಳಿಗ್ಗೆ 10 ಗಂಟೆಗೆ ವಿಂಡೋಸ್ ತೆರೆದಾಗ ಗಡಿಯಾರ 4:30 ತೋರಿಸಿದರೆ ಕಾರಣವೇನು? ಉಬುಂಟು ಯಂತ್ರದ ಗಡಿಯಾರವನ್ನು ವಿಶ್ವಕಾಲಮಾನದಲ್ಲಿ ಇಡುತ್ತದೆ. ವಿಂಡೋಸ್ ಅದನ್ನೇ ಸ್ಥಳೀಯ ಸಮಯವೆಂದು ಓದುತ್ತದೆ. ಭಾರತದ ಸಮಯ 5 ಗಂಟೆ 30 ನಿಮಿಷ ಮುಂದಿದೆ. ಇಲ್ಲಿಂದ ಸಮಾಜ ವಿಜ್ಞಾನದ ರೇಖಾಂಶ ಪಾಠಕ್ಕೂ ದಾರಿಯಿದೆ.

ವೀಕ್ಷಕರು ಅಂಕ ನೀಡುವಾಗ ವೇಗವನ್ನು ಪರಿಗಣಿಸಬಾರದು. ಮೊದಲ ಹಂತ ಬಿಟ್ಟು ಮುಂದೆ ಹೋದ ಪ್ರಶಿಕ್ಷಣಾರ್ಥಿಯನ್ನು ಅಲ್ಲಿಯೇ ನಿಲ್ಲಿಸಿ, ಪಾಠವನ್ನು ಮತ್ತೆ ಆರಂಭಿಸಲು ಹೇಳುವುದು ಒಳಿತು.