ಗಾಡಿಗೆ ಯಾವ ಆಯಿಲ್, ಯಾವ ಪೆಟ್ರೋಲ್?

ಮಾಕಳಿಯಿಂದ ಪೀಣ್ಯಕ್ಕೆ ದಿನಾ ಬಾಡಿಗೆ ಓಡಿಸುವ ನಮ್ಮವರಲ್ಲಿ ಹಲವರು ಸಾಲ ಮಾಡಿ ಹಳೇ ಕಾರು ಕೊಂಡವರು. ಇಂಜಿನ್ ಕೈಕೊಟ್ಟರೆ ಕಂತು ಕಟ್ಟುವುದು ಹೇಗೆ?

ಆಯಿಲ್ ಡಬ್ಬಿಯ ಮೇಲೆ 5ಡಬ್ಲ್ಯೂ-30 ಅಂತ ಇದ್ದರೆ, ಮೊದಲ ಅಂಕಿ ಚಳಿಯಲ್ಲಿ ಆಯಿಲ್ ಹರಿಯುವ ಗುಣ ಹೇಳುತ್ತದೆ, ಎರಡನೆಯದು ಇಂಜಿನ್ ಕಾದಾಗಿನ ದಪ್ಪ. ದಪ್ಪ ಇದ್ದಷ್ಟೂ ಒಳ್ಳೇದು ಅಂತ ತಿಳಿಯಬೇಡಿ. ಗಾಡಿಯ ಕೈಪಿಡಿಯಲ್ಲಿ ಬರೆದದ್ದನ್ನೇ ಕೇಳಿ ಹಾಕಿಸಿ. ಮಸಿ ಹಿಡಿಯುವ ಫಿಲ್ಟರ್ ಇರುವ ಬಿಎಸ್-6 ಡೀಸೆಲ್ ಗಾಡಿಗೆ ಕಡಿಮೆ ಬೂದಿಯ ಆಯಿಲೇ ಬೇಕು, ಇಲ್ಲದಿದ್ದರೆ ಫಿಲ್ಟರ್ ಬೇಗ ಕಟ್ಟಿಕೊಳ್ಳುತ್ತದೆ.

ಬಂಕ್‌ಗಳಲ್ಲಿ ಈಗ ಸಾಮಾನ್ಯವಾಗಿ ಸಿಗುವುದು ಶೇ. 20 ಎಥೆನಾಲ್ ಬೆರೆಸಿದ ಪೆಟ್ರೋಲ್. 2023ರ ಏಪ್ರಿಲ್‌ಗೆ ಮುಂಚಿನ ಕಾರಾದರೆ ಸರ್ವಿಸ್‌ಗೆ ಬಿಟ್ಟಾಗ ಪೆಟ್ರೋಲ್ ಪೈಪು, ರಬ್ಬರ್ ವಾಷರ್ ನೋಡಿಸಿ. ಮೈಲೇಜ್ ತುಸು ಇಳಿಯಬಹುದು; ಅದಕ್ಕೆ ಮೆಕ್ಯಾನಿಕ್ ಜೊತೆ ಜಗಳ ಬೇಡ.